ಟ್ಯೂನಾ ಗುರುತು ಹಿಡಿಯೋದು ಹೇಗೆ: ಬಣ್ಣ ಬಿಡಿ, ರೆಕ್ಕೆ ಅಳೀರಿ, ಲಿವರ್ ನೋಡಿ

"ಇದು ಯಾವ ಟ್ಯೂನಾ ಹೇಳಿ" ಅಂತ ಯಾರಾದ್ರೂ ಒಂದು ಫೋಟೋ ತೋರಿಸಿದ್ರೆ ಸಾಕು, ನೋಡಿದವ್ರಲ್ಲಿ ಮುಕ್ಕಾಲು ಜನ ಯೆಲ್ಲೋಫಿನ್ ಅಂದುಬಿಡ್ತಾರೆ, ಯಾಕಂದ್ರೆ ಎಲ್ಲೋ ಒಂದ್ಕಡೆ ಹಳದಿ ಕಂಡಿರತ್ತೆ. ನಾನೂ ಮೊದ್ಲು ಅದೇ ಗುಂಪಲ್ಲಿದ್ದೆ. ಆಮೇಲೆ ನೋಡ್ತಾ ಹೋದ್ರೆ ಬಿಗ್‌ಐಗೂ ಹಳದಿ ಇದೆ, ಬ್ಲೂಫಿನ್ನಿಗೂ ಇದೆ, ಲಾಂಗ್‌ಟೇಲ್‌ಗೂ ಇದೆ. ಹಳದಿ ನೋಡಿ ಟ್ಯೂನಾಗೆ ಹೆಸರಿಡೋದು ಅಂದ್ರೆ ಹಾಕಿರೋ ಶರ್ಟ್ ನೋಡಿ ಮನುಷ್ಯನ ಹೆಸರು ಹೇಳಿದ ಹಾಗೆ.

ಹಾಗಾಗಿ ಇಲ್ಲಿ ಬಣ್ಣಕ್ಕೆ ಕೊನೇ ಜಾಗ ಕೊಟ್ಟಿದೀನಿ. ರೆಕ್ಕೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯತ್ತೆ, ಹುರುಪೆ ಎಲ್ಲಿದೆ ಎಲ್ಲಿಲ್ಲ, ಹೊಟ್ಟೆ ಒಳಗಡೆ ಏನಿದೆ, ಇವು ಸುಳ್ಳು ಹೇಳಲ್ಲ. ಇನ್ನೊಂದು ವಿಷ್ಯ, ಈ ಗುರುತುಗಳನ್ನ ಉರುಹೊಡೆದ್ರೆ ಎರಡು ದಿನದಲ್ಲಿ ಮರೆತುಹೋಗತ್ತೆ. ಆ ಮೀನು ಹೇಗೆ ಬದುಕತ್ತೆ ಅನ್ನೋದನ್ನ ಜೊತೆಗೇ ತಿಳ್ಕೊಂಡ್ರೆ ಗುರುತು ತಾನಾಗೇ ನೆನಪಿರತ್ತೆ, ಯಾಕಂದ್ರೆ ಹೆಚ್ಚಿನ ಗುರುತುಗಳ ಹಿಂದೆ ಒಂದು ಕಾರಣ ಇದೆ.

ಶುರು ಮಾಡೋಕೆ ಮುಂಚೆ ಹೆಸರಿನ ಗೊಂದಲ

ನಿಜವಾದ ಟ್ಯೂನಾಗಳು ಒಟ್ಟು 15 ಜಾತಿ, 5 ಕುಲ. ಥುನ್ನಸ್ ಕುಲದಲ್ಲಿ 8: ಅಟ್ಲಾಂಟಿಕ್ ಬ್ಲೂಫಿನ್, ಪೆಸಿಫಿಕ್ ಬ್ಲೂಫಿನ್, ಸದರ್ನ್ ಬ್ಲೂಫಿನ್, ಬಿಗ್‌ಐ, ಆಲ್ಬಕೋರ್, ಯೆಲ್ಲೋಫಿನ್, ಬ್ಲ್ಯಾಕ್‌ಫಿನ್, ಲಾಂಗ್‌ಟೇಲ್. ಉಳಿದ 7ರಲ್ಲಿ ಸ್ಕಿಪ್‌ಜ್ಯಾಕ್ ಒಂದೇ ಒಂದು ಕುಲ, ಕವಕವ ಮತ್ತು ಅದರ ಇಬ್ಬರು ಅಣ್ಣತಮ್ಮಂದಿರು ಯೂಥಿನ್ನಸ್ ಕುಲ, ಫ್ರಿಗೇಟ್ ಮತ್ತು ಬುಲೆಟ್ ಟ್ಯೂನಾ ಆಕ್ಸಿಸ್ ಕುಲ, ಕೊನೇದು ದಕ್ಷಿಣದ ತಣ್ಣನೆ ಸಮುದ್ರದ ಸ್ಲೆಂಡರ್ ಟ್ಯೂನಾ.

ಹೆಸರಲ್ಲಿ ಟ್ಯೂನಾ ಇದ್ದ ಮಾತ್ರಕ್ಕೆ ಟ್ಯೂನಾ ಆಗಲ್ಲ. ಡಾಗ್‌ಟೂತ್ ಟ್ಯೂನಾ ಅಂತ ಒಂದಿದೆ, ಅದು ಬೊನಿಟೊ ಅನ್ನೋ ಬೇರೆ ಮೀನುಗಳ ಬಳಗದ್ದು. ಇನ್ನೊಂದು ತಮಾಷೆ ಕೇಳಿ, ಯೆಲ್ಲೋಫಿನ್‌ನ ವೈಜ್ಞಾನಿಕ ಹೆಸರು ಥುನ್ನಸ್ ಆಲ್ಬಕಾರೆಸ್, ಆದ್ರೆ ಆಲ್ಬಕೋರ್ ಅನ್ನೋ ಮೀನು ಬೇರೆ, ಅದು ಥುನ್ನಸ್ ಆಲಲುಂಗ. ಅಷ್ಟು ಸಾಲದು ಅಂತ ಫ್ರೆಂಚ್‌ನಲ್ಲಿ ಆಲ್ಬಕೋರ್ ಅಂದ್ರೆ ಯೆಲ್ಲೋಫಿನ್ನೇ! ಅದಕ್ಕೇ ನಿಮ್ಮ ನೋಟ್ಸ್‌ನಲ್ಲಿ ವೈಜ್ಞಾನಿಕ ಹೆಸರು ಬರೆಯೋ ಅಭ್ಯಾಸ ಮಾಡ್ಕೊಳ್ಳಿ, ಬೇಜಾರಾದ್ರೂ ಪರವಾಗಿಲ್ಲ.

ಹಂತ 1: ಮೊದ್ಲು ಇದು ಟ್ಯೂನಾನೇನಾ ಅಂತ ನೋಡಿ

ಮೀನನ್ನ ಎಡಪಕ್ಕ ಮೇಲೆ ಬರೋ ಹಾಗೆ, ತಲೆ ಎಡಕ್ಕೆ ಇರೋ ಹಾಗೆ ಮಲಗಿಸಿ, ರೆಕ್ಕೆ ಎಲ್ಲಾ ಬಿಡಿಸಿ. ಬೆನ್ನ ಮೇಲೆ ಎರಡು ರೆಕ್ಕೆ, ಎರಡನೇ ರೆಕ್ಕೆ ಆದ್ಮೇಲೆ ಬಾಲದ ತನಕ ಸಾಲಾಗಿ ಪುಟ್ಟಪುಟ್ಟ ರೆಕ್ಕೆ, ಅದೇ ಥರ ಹೊಟ್ಟೆ ಕಡೆನೂ. ಈ ಪುಟ್ಟರೆಕ್ಕೆಗಳನ್ನ ಫಿನ್ಲೆಟ್ ಅಂತಾರೆ, ಥುನ್ನಸ್ ಕುಲದಲ್ಲಿ ಮೇಲೆ 8ರಿಂದ 10, ಕೆಳಗೆ 7ರಿಂದ 10 ಇರತ್ತೆ. ಬಾಲದ ಬುಡ ಕಡ್ಡಿ ಹಾಗೆ ಸಣ್ಣ, ಅದರ ಪಕ್ಕದಲ್ಲಿ ಒಂದು ಗಟ್ಟಿ ಏಣು, ಅದಕ್ಕೆ ಕೀಲ್ ಅಂತಾರೆ, ಅದರ ಹಿಂದೆ ಮೇಲೊಂದು ಕೆಳಗೊಂದು ಚಿಕ್ಕ ಏಣು. ಬಾಲ ಅರ್ಧಚಂದ್ರ.

ಇಷ್ಟಕ್ಕೇ ಟ್ಯೂನಾ ಅಂತ ಹೇಳೋಕಾಗಲ್ಲ, ಬಂಗುಡೆ ಬಳಗದ ತುಂಬಾ ಮೀನುಗಳಿಗೆ ಫಿನ್ಲೆಟ್ ಇದೆ. ಬಂಗುಡೆಗೆ ಮಧ್ಯದ ದೊಡ್ಡ ಕೀಲ್ ಇಲ್ಲ, ಹಾಗಾಗಿ ಅದು ಹೊರಗೆ ಹೋಯ್ತು. ಸುರಮಾಯಿ ಜಾತಿಗೆ ಕೀಲ್ ಇದೆ, ಆದ್ರೆ ಮೈ ಚಪ್ಪಟೆ, ಹಲ್ಲು ಚಾಕು ಥರ. ಬೊನಿಟೊಗೆ ಬೆನ್ನ ಮೇಲೆ ಉದ್ದ ಗೆರೆ ಮತ್ತು ಎದ್ದು ಕಾಣೋ ಮೊನಚು ಹಲ್ಲು. ಟ್ಯೂನಾ ಬಾಯಿ ತೆಗೆದು ಬೆರಳಾಡಿಸಿದ್ರೆ ಹಲ್ಲು ಸಣ್ಣವು, ಉಪ್ಪುಕಾಗದ ಮುಟ್ಟಿದ ಹಾಗಿರತ್ತೆ. ಡಾಗ್‌ಟೂತ್ ಬಾಯಿಗೆ ಮಾತ್ರ ಬೆರಳು ಹಾಕ್ಬೇಡಿ, ಹೆಸರೇ ಹೇಳತ್ತಲ್ಲ.

ಟ್ಯೂನಾ ಈ ಆಕಾರದಲ್ಲಿ ಯಾಕಿದೆ ಅಂದ್ರೆ ಅದಕ್ಕೆ ನಿಲ್ಲೋಕೇ ಆಗಲ್ಲ. ಬೇರೆ ಮೀನುಗಳು ನಿಂತಲ್ಲೇ ಕಿವಿರು ಆಡಿಸಿ ನೀರು ಎಳ್ಕೊಳತ್ವೆ, ಟ್ಯೂನಾ ಬಾಯಿ ಸ್ವಲ್ಪ ತೆಗೆದು ಮುಂದಕ್ಕೆ ಈಜಿದ್ರೆ ಮಾತ್ರ ಕಿವಿರಿಗೆ ನೀರು ಬರತ್ತೆ, ನಿಂತ್ರೆ ಉಸಿರು ಕಟ್ಟತ್ತೆ. ಮೇಲಾಗಿ ಅದರ ಮೈ ನೀರಿಗಿಂತ ಭಾರ, ನಿಂತ್ರೆ ಮುಳುಗತ್ತೆ. ಹುಟ್ಟಿದಾಗಿನಿಂದ ಸಾಯೋ ತನಕ ಹಗಲು ರಾತ್ರಿ ಈಜೋ ಮೀನಿಗೆ ಮೈ ಎಲ್ಲಾ ನುಣುಪಾಗೇ ಇರ್ಬೇಕು. ಬೆನ್ನಿನ ಮೊದಲ ರೆಕ್ಕೆ ಒಂದು ತೋಡಿನೊಳಗೆ ಮಡಚಿ ಕೂತ್ಕೊಳತ್ತೆ, ಪಕ್ಕದ ರೆಕ್ಕೆಗೂ ಮೈಮೇಲೆ ಒಂದು ತಗ್ಗು ಇದೆ, ಕಣ್ಣು ಕೂಡ ಉಬ್ಬಿಲ್ಲ. ಎರಡನೇ ಬೆನ್ನುರೆಕ್ಕೆ ಮತ್ತು ಗುದರೆಕ್ಕೆಯ ಬುಡದಲ್ಲಿ ದ್ರವದ ಒತ್ತಡದಿಂದ ರೆಕ್ಕೆಯ ಆಕಾರ ಬದಲಿಸೋ ವ್ಯವಸ್ಥೆ ಇದೆ ಅಂತ 2017ರಲ್ಲಿ ವಿಜ್ಞಾನಿಗಳು ತೋರಿಸಿದ್ರು, ಒಂಥರಾ ಹೈಡ್ರಾಲಿಕ್ ಜ್ಯಾಕ್!

ಹಂತ 2: ಚಿಕ್ಕ ಟ್ಯೂನಾ ಗುಂಪಾ, ದೊಡ್ಡ ಟ್ಯೂನಾ ಗುಂಪಾ

ಇಲ್ಲಿ ಮೂರು ಕಡೆ ನೋಡಿ. ಬೆನ್ನಿನ ಎರಡು ರೆಕ್ಕೆ ಮಧ್ಯೆ ಎಷ್ಟು ಜಾಗ ಇದೆ, ಮೈಮೇಲೆ ಹುರುಪೆ ಎಲ್ಲಾ ಕಡೆ ಇದೆಯಾ, ಗೆರೆ ಇದ್ರೆ ಹೊಟ್ಟೆ ಮೇಲಾ ಬೆನ್ನ ಮೇಲಾ.

ಎರಡು ರೆಕ್ಕೆ ದೂರ ದೂರ ಇದ್ರೆ, ಅಂದ್ರೆ ಮೊದಲ ರೆಕ್ಕೆಯ ಬುಡದಷ್ಟು ಅಥವಾ ಅದಕ್ಕಿಂತ ಜಾಸ್ತಿ ಖಾಲಿ ಜಾಗ ಇದ್ರೆ, ಅದು ಆಕ್ಸಿಸ್: ಫ್ರಿಗೇಟ್ ಅಥವಾ ಬುಲೆಟ್. ಇವೆರಡನ್ನ ಬೇರೆ ಮಾಡೋಕೆ ಎದೆ ಭಾಗದಿಂದ ಹಿಂದಕ್ಕೆ ಹೋಗೋ ಹುರುಪೆ ಪಟ್ಟಿ ನೋಡ್ಬೇಕು, ಎರಡನೇ ಬೆನ್ನುರೆಕ್ಕೆ ಕೆಳಗೆ ಆ ಪಟ್ಟಿ 5 ಹುರುಪೆಗಿಂತ ಅಗಲ ಇಲ್ಲದಿದ್ರೆ ಫ್ರಿಗೇಟ್, 6 ಅಥವಾ ಜಾಸ್ತಿ ಇದ್ರೆ ಬುಲೆಟ್. ಕಣ್ಣಿಗೆ ಕಷ್ಟ, ಲೆನ್ಸ್ ಇಟ್ಕೊಳ್ಳಿ.

ರೆಕ್ಕೆ ಹತ್ತಿರ ಇದ್ದು ಹೊಟ್ಟೆ ಮೇಲೆ ಉದ್ದಕ್ಕೆ 3ರಿಂದ 5 ಕಪ್ಪು ಗೆರೆ ಇದ್ರೆ ಸ್ಕಿಪ್‌ಜ್ಯಾಕ್, ಇದು ಎಲ್ಲಕ್ಕಿಂತ ಸುಲಭ. ಬೆನ್ನ ಮೇಲೆ ಓರೆಯಾದ ಮುರುಕು ಗೆರೆ, ಜೊತೆಗೆ ಪಕ್ಕದ ರೆಕ್ಕೆ ಕೆಳಗೆ ಒಂದೆರಡು ನಾಲ್ಕೈದು ಕಪ್ಪು ಚುಕ್ಕಿ ಇದ್ರೆ ಕವಕವ ಅಥವಾ ಅದರ ಅಟ್ಲಾಂಟಿಕ್ ಸಂಬಂಧಿ ಲಿಟಲ್ ಟನಿ. ಇವೆರಡು ಬೇರೆ ಬೇರೆ ಸಮುದ್ರದವು, ಕವಕವ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್, ಲಿಟಲ್ ಟನಿ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್, ಹಾಗಾಗಿ ಮೀನು ಎಲ್ಲಿ ಸಿಕ್ಕಿತು ಅಂತ ಗೊತ್ತಿದ್ರೆ ಅರ್ಧ ಕೆಲಸ ಮುಗೀತು. ಮೂರನೇದು ಬ್ಲ್ಯಾಕ್ ಸ್ಕಿಪ್‌ಜ್ಯಾಕ್, ಪೂರ್ವ ಪೆಸಿಫಿಕ್‌ನದ್ದು, ಅದರ ಬೆನ್ನ ಗೆರೆಗಳು ನೇರ ಉದ್ದಕ್ಕೆ.

ಸ್ಕಿಪ್‌ಜ್ಯಾಕ್, ಕವಕವ, ಆಕ್ಸಿಸ್ ಇವುಗಳ ಮೈಗೆ ಎದೆ ಹತ್ತಿರದ ಹುರುಪೆ ಕವಚ ಮತ್ತು ಪಕ್ಕದ ರೇಖೆ ಬಿಟ್ರೆ ಬೇರೆ ಕಡೆ ಹುರುಪೆ ಇಲ್ಲ. ಥುನ್ನಸ್‌ಗೆ ಸಣ್ಣದಾದ್ರೂ ಮೈಯೆಲ್ಲಾ ಹುರುಪೆ ಇದೆ. ಉಗುರಲ್ಲಿ ಹಿಂದಿನಿಂದ ಮುಂದಕ್ಕೆ ಕೆರೆದು ನೋಡಿ, ಗೊತ್ತಾಗತ್ತೆ.

ಸ್ಕಿಪ್‌ಜ್ಯಾಕ್ ಬಗ್ಗೆ ಒಂದ್ಮಾತು. ಎಲ್ಲರಿಗೂ ಬ್ಲೂಫಿನ್ ಮೇಲೆ ಕಣ್ಣು, ಆದ್ರೆ ಜಗತ್ತಲ್ಲಿ ಹಿಡಿಯೋ ಮುಖ್ಯ ಟ್ಯೂನಾಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತೂಕ ಈ ಪುಟ್ಟ ಮೀನಿಂದು. ಸುಮಾರು ಒಂದು ವರ್ಷಕ್ಕೇ, 40-45 ಸೆಂ.ಮೀ. ಆಗೋ ಹೊತ್ತಿಗೆ ಮೊಟ್ಟೆ ಇಡೋಕೆ ರೆಡಿ, ಬಿಸಿ ನೀರಲ್ಲಿ ವರ್ಷಪೂರ್ತಿ ಇಡತ್ತೆ. ಗಾಳಿಚೀಲ ಇಲ್ಲ, ಅದಕ್ಕೇ ಮುಳುಗದೇ ಇರೋಕೆ ಇನ್ನೂ ಜೋರಾಗಿ ಈಜ್ಬೇಕು. ಕಿವಿರಿನ ಮೊದಲ ಕಮಾನಿನ ಒಳಬದಿಯಲ್ಲಿ ಬಾಚಣಿಗೆ ಹಲ್ಲಿನ ಥರ ಸಾಲು ಇರತ್ತಲ್ಲ, ಗಿಲ್ ರೇಕರ್ ಅಂತಾರೆ, ಅದು ಸ್ಕಿಪ್‌ಜ್ಯಾಕ್‌ನಲ್ಲಿ 53ರಿಂದ 63, ಥುನ್ನಸ್‌ನಲ್ಲಿ ಯಾವ್ದಕ್ಕೂ 43 ದಾಟಲ್ಲ. ಬಾಚಣಿಗೆ ಒತ್ತಾಗಿದ್ದಷ್ಟೂ ಸಣ್ಣ ಸಣ್ಣ ಸೀಗಡಿ ಥರದ ಆಹಾರನೂ ಸೋಸಿ ಹಿಡ್ಕೊಳ್ಳತ್ತೆ.

ಹಂತ 3: ಥುನ್ನಸ್ ಆದ್ರೆ ಪಕ್ಕದ ರೆಕ್ಕೆ ಅಳೀರಿ

ಟೇಪ್ ತಗೊಳ್ಳಿ. ಮೂತಿ ತುದಿಯಿಂದ ಬಾಲದ ಕವಲಿನ ಒಳಗಿನ ಬಿಂದು ತನಕ ನೇರ ಅಳತೆ, ಮೈ ಉಬ್ಬಿನ ಮೇಲೆ ಟೇಪ್ ಬಳಸ್ಬೇಡಿ. ಆಮೇಲೆ ಪಕ್ಕದ ರೆಕ್ಕೆ, ಅಂದ್ರೆ ಪೆಕ್ಟೋರಲ್, ಅದರ ಉದ್ದ. ಎರಡನೇದನ್ನ ಮೊದಲನೇದ್ರಿಂದ ಭಾಗಿಸಿ ನೂರರಿಂದ ಗುಣಿಸಿ. ಉದಾಹರಣೆಗೆ ಮೀನು 90 ಸೆಂ.ಮೀ., ರೆಕ್ಕೆ 18 ಸೆಂ.ಮೀ. ಆದ್ರೆ 20%.

ಸುಮಾರು 17ರಿಂದ 22% ಬಂದು, ರೆಕ್ಕೆ ಮಡಚಿ ಹಿಂದಕ್ಕೆ ಒತ್ತಿದಾಗ ಅದರ ತುದಿ ಎರಡು ಬೆನ್ನುರೆಕ್ಕೆ ಮಧ್ಯದ ಜಾಗಕ್ಕೂ ಮುಟ್ಟದಿದ್ರೆ ಅಟ್ಲಾಂಟಿಕ್ ಬ್ಲೂಫಿನ್ನೋ ಅದರ ಬಳಗದ್ದೋ. 22ರಿಂದ 31% ಇದ್ದು ತುದಿ ಎರಡನೇ ಬೆನ್ನುರೆಕ್ಕೆ ಶುರುವಾಗೋ ಜಾಗ ದಾಟಿದ್ರೆ ಯೆಲ್ಲೋಫಿನ್ ಅಥವಾ ದೊಡ್ಡ ಬಿಗ್‌ಐ. 30% ದಾಟಿ, ತುದಿ ಎರಡನೇ ಬೆನ್ನುರೆಕ್ಕೆಯನ್ನೂ ಬಿಟ್ಟು ಫಿನ್ಲೆಟ್ ತನಕ ಹೋಗಿದ್ರೆ ಆಲ್ಬಕೋರ್ ಇರ್ಬೇಕು. ಬಾಲದ ಹಿಂದಿನ ಅಂಚಲ್ಲಿ ತೆಳ್ಳಗೆ ಬಿಳಿ ಗೆರೆ ಇದ್ರೆ ಆಲ್ಬಕೋರ್ ಖಾತ್ರಿ.

ಇಲ್ಲೇ ಎಲ್ಲರೂ ಬೀಳೋ ಹಳ್ಳ ಇರೋದು: 50 ಸೆಂ.ಮೀ.ಗಿಂತ ಚಿಕ್ಕ ಆಲ್ಬಕೋರ್‌ಗೆ ರೆಕ್ಕೆ ಇನ್ನೂ ಅಷ್ಟು ಉದ್ದ ಆಗಿರಲ್ಲ, ಅದೇ ಮರಿ ಬಿಗ್‌ಐಗೆ ಮೈಗೆ ಹೋಲಿಸಿದ್ರೆ ಉದ್ದ ರೆಕ್ಕೆ ಇರತ್ತೆ. ಉದ್ದ ರೆಕ್ಕೆ ಕಂಡ ತಕ್ಷಣ ಆಲ್ಬಕೋರ್ ಅನ್ಬೇಡಿ, ಬಾಲದ ಬಿಳಿ ಅಂಚು ಹುಡುಕಿ. ಇನ್ನೊಂದು ಸೂಚನೆ ಮೈಯ ಅತಿ ದಪ್ಪ ಜಾಗ, ಆಲ್ಬಕೋರ್‌ನಲ್ಲಿ ಅದು ತುಂಬಾ ಹಿಂದೆ, ಎರಡನೇ ಬೆನ್ನುರೆಕ್ಕೆ ಹತ್ತಿರ ಬರತ್ತೆ, ಉಳಿದವಕ್ಕೆ ಮೊದಲ ರೆಕ್ಕೆ ಮಧ್ಯದ ಆಸುಪಾಸು.

ಬ್ಲ್ಯಾಕ್‌ಫಿನ್ ಮತ್ತು ಲಾಂಗ್‌ಟೇಲ್‌ಗೆ ಗಿಲ್ ರೇಕರ್ ಎಣಿಸಿ, ಮೊದಲ ಕಮಾನಿನ ಮೇಲ್ಭಾಗ ಕೆಳಭಾಗ ಎರಡೂ ಸೇರಿಸಿ. ಬ್ಲ್ಯಾಕ್‌ಫಿನ್‌ಗೆ 19ರಿಂದ 25, ಲಾಂಗ್‌ಟೇಲ್‌ಗೆ 19ರಿಂದ 27, ಯೆಲ್ಲೋಫಿನ್‌ಗೆ 26ರಿಂದ 34, ಅಟ್ಲಾಂಟಿಕ್ ಬ್ಲೂಫಿನ್‌ಗೆ 34ರಿಂದ 43. ಬ್ಲ್ಯಾಕ್‌ಫಿನ್ ಪಶ್ಚಿಮ ಅಟ್ಲಾಂಟಿಕ್ ಬಿಟ್ಟು ಎಲ್ಲೂ ಇಲ್ಲ, ಅದರ ಫಿನ್ಲೆಟ್‌ನಲ್ಲಿ ಹೊಳೆಯೋ ಹಳದಿ ಇರಲ್ಲ, ಮಂಕು ಮಂಕು. ಲಾಂಗ್‌ಟೇಲ್ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್‌ನ ದಡದ ಹತ್ತಿರದ ಮೀನು, ಹಿಂದಿನ ಅರ್ಧ ಸಪೂರ, ಹೊಟ್ಟೆ ಮೇಲೆ ಬಣ್ಣ ಇಲ್ಲದ ಉದ್ದುದ್ದ ಚುಕ್ಕಿ ಸಾಲು.

ಹಂತ 4: ಯೆಲ್ಲೋಫಿನ್ನಾ ಬಿಗ್‌ಐನಾ

ದೊಡ್ಡ ಯೆಲ್ಲೋಫಿನ್ ಗುರುತು ಹಿಡಿಯೋಕೆ ಗೈಡ್ ಬೇಕಿಲ್ಲ, ಎರಡನೇ ಬೆನ್ನುರೆಕ್ಕೆ ಮತ್ತು ಗುದರೆಕ್ಕೆ ಕುಡುಗೋಲಿನ ಥರ ಹಿಂದಕ್ಕೆ ಬಾಗಿ ಮೈ ಉದ್ದದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬೆಳೆದಿರತ್ತೆ. ತಲೆನೋವು ಇರೋದು ಮರಿಗಳಲ್ಲಿ. ತೇಲೋ ವಸ್ತುಗಳ ಕೆಳಗೆ ಸ್ಕಿಪ್‌ಜ್ಯಾಕ್ ಜೊತೆ ಮರಿ ಯೆಲ್ಲೋಫಿನ್ನೂ ಮರಿ ಬಿಗ್‌ಐನೂ ಒಂದೇ ಗುಂಪಲ್ಲಿ ಓಡಾಡ್ತವೆ, ಅನುಭವ ಇದ್ದವರೂ ಎಡವೋದು ಇಲ್ಲೇ.

ಮೀನು ತಾಜಾ ಇದ್ರೆ ಪಕ್ಕದ ಬೆಳ್ಳಿ ಗೆರೆ ನೋಡಿ. ಯೆಲ್ಲೋಫಿನ್‌ನಲ್ಲಿ ಗೆರೆ ಒತ್ತೊತ್ತು, ಒಂದು ಗೆರೆ ಆದ್ಮೇಲೆ ಒಂದು ಚುಕ್ಕಿ ಸಾಲು. ಬಿಗ್‌ಐನಲ್ಲಿ ಗೆರೆ ಕಡಿಮೆ, ದೂರ ದೂರ, ಮಧ್ಯೆ ಚುಕ್ಕಿ ಇರಲ್ಲ ಅಂತಲೇ ಹೇಳ್ಬಹುದು. ಸತ್ತು ಸ್ವಲ್ಪ ಹೊತ್ತಾದ್ರೆ ಇದೆಲ್ಲಾ ಅಳಿಸಿಹೋಗತ್ತೆ. ಆಗ ಬಾಲದ ಕವಲಿನ ನಡು ನೋಡಿ, ಯೆಲ್ಲೋಫಿನ್‌ಗೆ ಅಲ್ಲಿ ಎರಡು ಉಬ್ಬು ಮಧ್ಯೆ ಸ್ಪಷ್ಟ ಕಚ್ಚು, ಬಿಗ್‌ಐಗೆ ಹೆಚ್ಚುಕಮ್ಮಿ ಸಪಾಟು. ಪಕ್ಕದ ರೆಕ್ಕೆ ಯೆಲ್ಲೋಫಿನ್‌ಗೆ ಗಟ್ಟಿ, ನೆಟ್ಟಗೆ. ಬಿಗ್‌ಐಗೆ ತೆಳು, ಬಳುಕತ್ತೆ, ತುದಿ ಕೆಳಕ್ಕೆ ಬಾಗಿರತ್ತೆ. ಕಣ್ಣು ದೊಡ್ಡದು ಅನ್ನೋದು ಎರಡನ್ನೂ ಪಕ್ಕಪಕ್ಕ ಇಟ್ಟಾಗ ಸರಿ, ಒಂದೇ ಮೀನು ಕೈಲಿದ್ದಾಗ ಯಾವ ಟ್ಯೂನಾ ಕಣ್ಣೂ ದೊಡ್ಡದಾಗೇ ಕಾಣತ್ತೆ.

ಹಂತ 5: ಹೊಟ್ಟೆ ಬಿಚ್ಚಿ

ಸಂಶಯ ಉಳಿದ್ರೆ ತೀರ್ಪು ಲಿವರ್‌ದ್ದೇ. ಹೊಟ್ಟೆಯನ್ನ ಮೇಲ್ಮೇಲೆ ಸೀಳಿ, ಆಳಕ್ಕೆ ಚಾಕು ಹಾಕಿದ್ರೆ ನೋಡ್ಬೇಕಾದ್ದನ್ನೇ ಕತ್ತರಿಸಿರ್ತೀರ. ಯೆಲ್ಲೋಫಿನ್ ಲಿವರ್ ನುಣುಪು, ಅದರ ಮೂರು ಹಾಳೆಗಳಲ್ಲಿ (ಭಾಗಗಳಲ್ಲಿ) ಬಲಗಡೆದು ಉಳಿದೆರಡಕ್ಕಿಂತ ಉದ್ದ. ಬಿಗ್‌ಐ ಲಿವರ್‌ನ ಮೂರೂ ಹಾಳೆ ದುಂಡಗೆ, ಹೆಚ್ಚುಕಮ್ಮಿ ಒಂದೇ ಅಳತೆ, ಅಂಚಿನಲ್ಲಿ ಸಣ್ಣ ಸಣ್ಣ ರಕ್ತನಾಳದ ಗೆರೆಗಳು. ಗಾಳಿಚೀಲನೂ ನೋಡಿ, ಬಿಗ್‌ಐಗೆ ಹೊಟ್ಟೆಯ ಉದ್ದಕ್ಕೂ ಹಬ್ಬಿರತ್ತೆ, ಯೆಲ್ಲೋಫಿನ್‌ಗೆ ಮುಂದಿನ ಅರ್ಧದಲ್ಲಿ ಮಾತ್ರ.

ಬಿಗ್‌ಐ ಲಿವರ್ ಮೇಲಿನ ಈ ಗೆರೆ ಸುಮ್ನೆ ಅಲಂಕಾರಕ್ಕಲ್ಲ, ನನಗೆ ಟ್ಯೂನಾ ಮೇಲೆ ಹುಚ್ಚು ಹಿಡಿದಿದ್ದೇ ಇದು ಅರ್ಥ ಆದ್ಮೇಲೆ. ಮೀನು ಅಂದ್ರೆ ತಣ್ಣನೆ ರಕ್ತ ಅಂತ ಶಾಲೇಲಿ ಕಲಿತಿರ್ತೀವಿ, ಯಾಕಂದ್ರೆ ಮೈಯಲ್ಲಿ ಬಿಸಿಯಾದ ರಕ್ತ ಕಿವಿರಿಗೆ ಹೋದ ಕೂಡ್ಲೇ ಸಮುದ್ರದ ನೀರಿಗೆ ಬಿಸಿ ಕೊಟ್ಟುಬಿಡತ್ತೆ. ಟ್ಯೂನಾ ಇದಕ್ಕೊಂದು ದಾರಿ ಕಂಡ್ಕೊಂಡಿದೆ. ಬಿಸಿ ರಕ್ತ ತರೋ ನಾಳ ಮತ್ತು ಕಿವಿರಿಂದ ತಣ್ಣನೆ ರಕ್ತ ತರೋ ನಾಳ ಎರಡೂ ಕೂದಲೆಳೆಯಷ್ಟು ಸಣ್ಣಗೆ ಸೀಳಿ, ಒಂದಕ್ಕೊಂದು ತಾಗಿಕೊಂಡು ಎದುರು ಬದರು ಹರೀತವೆ, ಹಾಗಾಗಿ ಬಿಸಿ ಕಿವಿರಿಗೆ ಹೋಗೋ ಮುಂಚೆನೇ ಒಳಗೆ ಬರೋ ರಕ್ತಕ್ಕೆ ದಾಟಿಕೊಂಡುಬಿಡತ್ತೆ. ಈ ಜಾಲ ಎಲ್ಲಾ ಟ್ಯೂನಾಗಳ ಈಜೋ ಕೆಂಪು ಸ್ನಾಯುವಿಗೂ ಇದೆ. ಆದ್ರೆ ಬ್ಲೂಫಿನ್, ಬಿಗ್‌ಐ, ಆಲ್ಬಕೋರ್ ಗುಂಪಿಗೆ ಲಿವರ್, ಕರುಳಿನ ಕಡೆಗೂ ಒಂದು ಜಾಲ ಇದೆ, ಲಿವರ್ ಮೇಲೆ ಕಾಣೋ ಗೆರೆ ಅದರದ್ದೇ. ಯೆಲ್ಲೋಫಿನ್, ಬ್ಲ್ಯಾಕ್‌ಫಿನ್, ಲಾಂಗ್‌ಟೇಲ್‌ಗೆ ಅದಿಲ್ಲ, ಅವು ಬಿಸಿ ನೀರಿನ ಮೀನುಗಳು, ಬೇಕಾಗಿಲ್ಲ.

ಈಗ ಗುರುತುಗಳು ತಾನಾಗೇ ಜೋಡಣೆ ಆಗತ್ವೆ ನೋಡಿ. ಬಿಗ್‌ಐ ಹಗಲಲ್ಲಿ 300ರಿಂದ 500 ಮೀಟರ್ ಆಳದ ತಣ್ಣನೆ, ಕತ್ತಲು ನೀರಿಗೆ ಇಳಿದು ಅಲ್ಲಿನ ಬೊಂಡಾಸ್ (ಸ್ಕ್ವಿಡ್), ಸಣ್ಣ ಮೀನು ತಿಂದು ರಾತ್ರಿ ಅವುಗಳ ಜೊತೆನೇ ಮೇಲೆ ಬರತ್ತೆ, ಹಗಲಲ್ಲೂ ಆಗಾಗ ಮೈ ಕಾಯಿಸ್ಕೊಳ್ಳೋಕೆ ಮೇಲೆ ಬಂದು ಹೋಗತ್ತೆ. ದೊಡ್ಡ ಕಣ್ಣು, ಗೆರೆ ಲಿವರ್ ಎರಡೂ ಆ ಕತ್ತಲಿಗೂ ಚಳಿಗೂ ಸರಿಹೊಂದತ್ತೆ. ಯೆಲ್ಲೋಫಿನ್ ಹೆಚ್ಚು ಹೊತ್ತು ಮೇಲಿನ ಬೆಚ್ಚನೆ ನೀರಲ್ಲೇ.

ಹಂತ 6: ಬ್ಲೂಫಿನ್ ಆದ್ರೆ ಯಾವ ಬ್ಲೂಫಿನ್

ಸದರ್ನ್ ಬ್ಲೂಫಿನ್‌ನ ಬಾಲದ ಕೀಲ್ ಸಾಮಾನ್ಯವಾಗಿ ಹಳದಿ, ಬೆಳೆದ ಅಟ್ಲಾಂಟಿಕ್ ಬ್ಲೂಫಿನ್‌ದು ಕಪ್ಪು. ಅಟ್ಲಾಂಟಿಕ್, ಪೆಸಿಫಿಕ್ ಇವೆರಡನ್ನ ಮಾತ್ರ ಹೊರಗಿನಿಂದ ನೋಡಿ ಹೇಳೋದು ಆಗದ ಮಾತು, ತುಂಬಾ ವರ್ಷ ಒಂದೇ ಜಾತಿ ಅಂತಲೇ ಇಟ್ಟಿದ್ರು. ಎಲ್ಲಿ ಹಿಡಿದಿದ್ದು ಅನ್ನೋದೇ ಇಲ್ಲಿ ಗುರುತು.

ಮೂರರ ಬದುಕು ಮಾತ್ರ ಬೇರೆ ಬೇರೆ. ಅಟ್ಲಾಂಟಿಕ್ ಬ್ಲೂಫಿನ್ ಮೆಕ್ಸಿಕೋ ಕೊಲ್ಲಿಯಲ್ಲಿ ಒಂದು ಬಳಗ, ಮೆಡಿಟರೇನಿಯನ್‌ನಲ್ಲಿ ಒಂದು ಬಳಗ ಮೊಟ್ಟೆ ಇಡತ್ತೆ, ಆಹಾರಕ್ಕೆ ಉತ್ತರದ ತಣ್ಣನೆ ನೀರಲ್ಲಿ ಎರಡೂ ಬೆರೀತವೆ. ಟ್ಯೂನಾಗಳಲ್ಲೇ ದೈತ್ಯ ಇದು, 1979ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಗಾಳಕ್ಕೆ ಬಿದ್ದಿದ್ದು 679 ಕಿಲೋ. ಸದರ್ನ್ ಬ್ಲೂಫಿನ್‌ಗೆ ಗೊತ್ತಿರೋ ಮೊಟ್ಟೆ ಇಡೋ ಜಾಗ ಒಂದೇ, ಜಾವಾ ಮತ್ತು ವಾಯವ್ಯ ಆಸ್ಟ್ರೇಲಿಯಾ ಮಧ್ಯದ ಸಮುದ್ರ. ಪೆಸಿಫಿಕ್ ಬ್ಲೂಫಿನ್ ಹುಟ್ಟೋದು ಪೆಸಿಫಿಕ್‌ನ ಪಶ್ಚಿಮದಲ್ಲಿ, ಜಪಾನ್ ಸುತ್ತಮುತ್ತ, ಅದರಲ್ಲಿ ಕೆಲವು ಮರಿಗಳು ಇಡೀ ಸಾಗರ ದಾಟಿ ಅಮೆರಿಕಾ ದಡಕ್ಕೆ ಹೋಗಿ ಕೆಲವು ವರ್ಷ ಬೆಳೆದು ವಾಪಸ್ ಬರತ್ತೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ ಆದ ಐದೇ ತಿಂಗಳಿಗೆ ಕ್ಯಾಲಿಫೋರ್ನಿಯಾ ಹತ್ರ ಹಿಡಿದ ಎಳೆ ಬ್ಲೂಫಿನ್‌ಗಳ ಮೈಯಲ್ಲಿ ಅಲ್ಲಿಂದ ಸೋರಿದ ವಿಕಿರಣಶೀಲ ಸೀಸಿಯಂ-134 ಸ್ವಲ್ಪ ಪ್ರಮಾಣದಲ್ಲಿ ಸಿಕ್ಕಿತು, ಅದೇ ನೀರಿನ ಯೆಲ್ಲೋಫಿನ್‌ನಲ್ಲಿ ಇರಲಿಲ್ಲ, ಯಾಕಂದ್ರೆ ಯೆಲ್ಲೋಫಿನ್ ಅಷ್ಟು ದೂರ ಸಾಗರ ದಾಟಿ ಬಂದಿರಲಿಲ್ಲ. ಯಾರೂ ಅಂಟಿಸದ ಟ್ಯಾಗ್ ಅದು.

ಹಂತ 7: ವಯಸ್ಸು

ಉದ್ದ ನೋಡಿ ವಯಸ್ಸು ಹೇಳೋಕೆ ಹೋಗ್ಬೇಡಿ. ಟ್ಯೂನಾ ಹುಟ್ಟೋವಾಗ ಮೊಟ್ಟೆ ಸುಮಾರು 1 ಮಿ.ಮೀ., ನೀರಲ್ಲಿ ತೇಲ್ತಾ ಒಂದೆರಡು ದಿನದಲ್ಲಿ ಒಡೆಯತ್ತೆ, ತಾಯಿ ಲಕ್ಷಗಟ್ಟಲೆ ಕೋಟಿಗಟ್ಟಲೆ ಇಟ್ಟಿರ್ತಾಳೆ, ಬದುಕೋದು ಬೆರಳೆಣಿಕೆ, ಬದುಕಿದ್ದು ಮಾತ್ರ ರಾಕೆಟ್ ಥರ ಬೆಳೆಯತ್ತೆ. ಆಮೇಲೆ ಬೆಳವಣಿಗೆ ನಿಧಾನ ಆಗತ್ತೆ, ಅಲ್ಲಿಂದ ಉದ್ದಕ್ಕೂ ವಯಸ್ಸಿಗೂ ತಾಳೆ ಆಗಲ್ಲ. ಸರಿಯಾದ ಲೆಕ್ಕ ತಲೆಯೊಳಗಿನ ಕಿವಿಕಲ್ಲಿನಲ್ಲಿದೆ, ಮರದ ಉಂಗುರದ ಹಾಗೆ ಪದರ ಪದರ. ಯೆಲ್ಲೋಫಿನ್ ಏಳೆಂಟು ವರ್ಷ ಬದುಕತ್ತೆ ಅಂತ ಹಳೇ ಪುಸ್ತಕಗಳಲ್ಲಿ ಇತ್ತು. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಸಮುದ್ರ ಸೇರಿದ ಕಾರ್ಬನ್-14 ಇಟ್ಕೊಂಡು ಕಿವಿಕಲ್ಲು ಪರೀಕ್ಷೆ ಮಾಡಿದಾಗ ಯೆಲ್ಲೋಫಿನ್ 18 ವರ್ಷ, ಬಿಗ್‌ಐ 17 ವರ್ಷ ತನಕ ಬದುಕಿರೋದು ಗೊತ್ತಾಯ್ತು.

ಹಂತ 8: ಬರೆದಿಡಿ

ಪೂರ್ತಿ ಎಡಪಕ್ಕದ ಫೋಟೋ ಪಕ್ಕದಲ್ಲಿ ಸ್ಕೇಲ್ ಇಟ್ಟು, ಬಾಲದ ಕವಲು ಹತ್ತಿರದಿಂದ, ಪಕ್ಕದ ರೆಕ್ಕೆ ಮೈಗೆ ಒತ್ತಿ ಒಂದು, ಲಿವರ್‌ದೊಂದು. ಉದ್ದ, ತೂಕ, ದಿನಾಂಕ, ಜಾಗ, ಆಳ. ಹೊಟ್ಟೆಯಲ್ಲಿ ಏನು ಸಿಕ್ಕಿತು ಅನ್ನೋದೂ ಬರೀರಿ, ಮೀನಿನ ಬದುಕಿನ ಬಗ್ಗೆ ಅದರಷ್ಟು ಹೇಳೋದು ಬೇರೆ ಇಲ್ಲ.

ಡಿಎನ್‌ಎ ಪರೀಕ್ಷೆ ಮಾಡಿಸಿದ್ರೆ ಮುಗೀತಲ್ಲ ಅಂತ ಕೆಲವರು ಅಂತಾರೆ. ತುಂಡು ಮಾಡಿದ ಮೀನಿಗೆ ಬೇರೆ ದಾರಿ ಇಲ್ಲ, ನಿಜ. ಆದ್ರೆ ಥುನ್ನಸ್ ಜಾತಿಗಳು ಒಂದಕ್ಕೊಂದು ಎಷ್ಟು ಹತ್ತಿರ ಅಂದ್ರೆ ಬೇರೆ ಮೀನುಗಳಿಗೆ ನಡೆಯೋ ಮಾಮೂಲಿ ಬಾರ್‌ಕೋಡ್ ಜೀನ್ ಇಲ್ಲಿ ಸರಿಯಾಗಿ ಬೇರ್ಪಡಿಸಲ್ಲ. ಪೆಸಿಫಿಕ್ ಬ್ಲೂಫಿನ್‌ನ ಮೈಟೊಕಾಂಡ್ರಿಯಾ ಡಿಎನ್‌ಎ (ತಾಯಿ ಕಡೆಯಿಂದ ಬರೋದು) ಅಂತೂ ಆಲ್ಬಕೋರ್‌ನ ಹಾಗಿದೆ, ಹಿಂದೆ ಯಾವಾಗ್ಲೋ ಎರಡೂ ಬೆರೆತಿರೋದ್ರ ಗುರುತು ಅದು. ಹಾಗಾಗಿ ಮರಿ ಟ್ಯೂನಾ ಸಿಕ್ಕಿ, ಬಣ್ಣ ಹೋಗಿ, ಹೊಟ್ಟೆ ಬಿಚ್ಚೋಕೂ ಆಗದಿದ್ರೆ ಯೆಲ್ಲೋಫಿನ್ ಅಂತ ಬರೆದು ಕೈ ತೊಳ್ಕೊಬೇಡಿ, "ಯೆಲ್ಲೋಫಿನ್ ಅಥವಾ ಬಿಗ್‌ಐ, 42 ಸೆಂ.ಮೀ., ಲಿವರ್ ನೋಡಿಲ್ಲ" ಅಂತಲೇ ಬರೀರಿ.